ಮನೆ ಮನೆ ಆರೋಗ್ಯ ಸಮೀಕ್ಷೆ: ಎಥಿಕ್ಸ್ ಕಮಿಟಿ ಪತ್ರ ಬರುವ ಮೊದಲೇ ಫೀಲ್ಡಿಗೆ ಇಳಿಯಬಹುದಾ?

ಧಾರವಾಡ_ಎಂಎಸ್‌ಡಬ್ಲ್ಯು

ಎಲ್ಲರಿಗೂ ನಮಸ್ಕಾರ. ನಾನು ಸಮಾಜಕಾರ್ಯ ಓದುತ್ತಿದ್ದೇನೆ, ಕೊನೇ ವರ್ಷ. ನವಲಗುಂದ ತಾಲ್ಲೂಕಿನ ಹಳ್ಳಿಗಳಲ್ಲಿ 30 ದಾಟಿದ ಹೆಣ್ಣುಮಕ್ಕಳ ಬಿಪಿ ಮೇಲೆ ನನ್ನ ಡೆಸರ್ಟೇಶನ್. ಮನೆಗೆ ಹೋಗಿ ಪ್ರಶ್ನೆ ಕೇಳುವುದು, ಮಷಿನ್ ಹಾಕಿ ಬಿಪಿ ನೋಡುವುದು, ಕೊನೆಗೆ ಮನೆಯ ಒತ್ತಡದ ಬಗ್ಗೆ ಕೆಲವು ಪ್ರಶ್ನೆ. ಅದರಲ್ಲಿ ಗಂಡನ ಕುಡಿತ, ಹೊಡೆತ ಕೂಡ ಬರುತ್ತದೆ.

ನಮ್ಮ ವಿಭಾಗದಲ್ಲಿ ಎಥಿಕ್ಸ್ ಕಮಿಟಿ (ಜನರ ಮೇಲೆ ನಡೆಯುವ ಸಂಶೋಧನೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಸಮಿತಿ) ಇಲ್ಲ. ಗೈಡ್ ಹೇಳುವುದು ಹೀಗೆ: "ರಕ್ತ ತಗೊಳ್ತಿಲ್ಲ, ಔಷಧ ಕೊಡ್ತಿಲ್ಲ. ಸುಮ್ನೆ ಪ್ರಶ್ನೆ ಕೇಳ್ತಿ. ಶುರು ಮಾಡು, ಪತ್ರ ಆಮೇಲೆ ನೋಡೋಣ." ಪಂಚಾಯಿತಿಯಿಂದ ಅನುಮತಿ ಪತ್ರ ಸಿಕ್ಕಿದೆ. ಆಶಾ ಕಾರ್ಯಕರ್ತೆ ಜೊತೆಗೆ ಬರಲು ಒಪ್ಪಿದ್ದಾರೆ. ಸೀನಿಯರ್ ಒಬ್ಬರ ಥೀಸಿಸ್‌ನಿಂದ ನಾಲ್ಕು ಪುಟದ ಒಪ್ಪಿಗೆ ಪತ್ರವೂ (ಉತ್ತರ ಕೊಡುವವರಿಗೆ ಓದಿ ಹೇಳಿ ಸಹಿ ಮಾಡಿಸಿಕೊಳ್ಳುವುದು) ಸಿಕ್ಕಿದೆ, ಹೆಸರು ಬದಲಿಸಿದರೆ ಆಯಿತು.

ಎರಡು ಪ್ರಶ್ನೆ. ಕಮಿಟಿ ಪತ್ರ ಬರುವ ಮೊದಲು ಪೈಲಟ್ (ಕೆಲವೇ ಮನೆಗಳಲ್ಲಿ ಪ್ರಾಯೋಗಿಕ ಸಮೀಕ್ಷೆ) ಆದರೂ ಮಾಡಬಹುದಾ? ಪಂಚಾಯಿತಿ ಒಪ್ಪಿದೆ, ಆಶಾ ಜೊತೆಗಿರುತ್ತಾರೆ. ಆದರೂ ಪ್ರತಿ ಮನೆಯಲ್ಲಿ ಆ ನಾಲ್ಕು ಪುಟ ಓದಲೇಬೇಕಾ?

ಸಮುದಾಯ_ವೈದ್ಯ

ಮೊದಲನೇದಕ್ಕೆ ಉತ್ತರ: ಇಲ್ಲ. ಪೈಲಟ್ ಕೂಡ ಇಲ್ಲ. ಪೈಲಟ್‌ನಲ್ಲೂ ನೀವು ಕೂರುವುದು ನಿಜವಾದ ಹೆಣ್ಣುಮಗಳ ಎದುರಿಗೇ ಅಲ್ವಾ?

ನಿಮ್ಮ ಗೈಡ್ ಹೇಳುವ "ರಕ್ತ ತಗೊಳ್ತಿಲ್ಲ" ವಾದ ಹಳೇದು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಸಂಶೋಧನೆಗೇ ಒಂದು ಅಧ್ಯಾಯ ಇದೆ. ಬರೀ ಪ್ರಶ್ನೆ ಕೇಳುವ ಅಧ್ಯಯನವೂ ಅದರೊಳಗೆ ಬರುತ್ತದೆ. ಇನ್ನು "ಪತ್ರ ಆಮೇಲೆ" ಎಂಬುದು ನಡೆಯುವುದೇ ಇಲ್ಲ. ಡೇಟಾ ತಂದಾದ ಮೇಲೆ ಹಿಂದಿನ ತಾರೀಖಿಗೆ ಯಾವ ಕಮಿಟಿಯೂ ಒಪ್ಪಿಗೆ ಕೊಡುವಂತಿಲ್ಲ. ನಾಳೆ ಲೇಖನ ಕಳಿಸಿದರೆ ಜರ್ನಲ್‌ನವರು ಮೊದಲು ಕೇಳುವುದೇ ಕಮಿಟಿ ಒಪ್ಪಿಗೆಯ ಸಂಖ್ಯೆ ಮತ್ತು ತಾರೀಖು.

ನಿಮ್ಮಲ್ಲಿ ಕಮಿಟಿ ಇಲ್ಲದಿದ್ದರೆ ಬೇರೆ ಸಂಸ್ಥೆಯ ಕಮಿಟಿಗೆ ಹೋಗಬಹುದು. ಎರಡೂ ಸಂಸ್ಥೆಗಳ ನಡುವೆ ಒಂದು ಒಡಂಬಡಿಕೆ ಆಗಬೇಕು, ಅಷ್ಟೇ. ಹುಬ್ಬಳ್ಳಿ-ಧಾರವಾಡದಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ಒಂದು ಮಾತ್ರ ನೋಡಿಕೊಳ್ಳಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದ ಮೇಲೆ ಆರೋಗ್ಯ ಸಂಶೋಧನೆ ನೋಡುವ ಕಮಿಟಿಗಳು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಇಲ್ಲದ ಕಮಿಟಿಯ ಪತ್ರ ತಂದು ಏನು ಉಪಯೋಗ?

ಪರಿಶೀಲನೆಯಲ್ಲಿ ಮೂರು ಬಗೆ ಇವೆ: ವಿನಾಯಿತಿ, ತ್ವರಿತ, ಪೂರ್ಣ ಸಭೆ. ಬಿಪಿ ಮತ್ತು ಊಟದ ಪ್ರಶ್ನೆ ಮಾತ್ರ ಇದ್ದಿದ್ದರೆ ತ್ವರಿತದಲ್ಲಿ ಮುಗಿಯುತ್ತಿತ್ತೇನೋ. ಹೊಡೆತದ ಪ್ರಶ್ನೆ ಸೇರಿಸಿದ್ದೀರಿ, ಹಾಗಾಗಿ ಪೂರ್ಣ ಸಭೆಗೆ ಹೋಗುವ ಸಾಧ್ಯತೆ ಜಾಸ್ತಿ. ಅದನ್ನು ತೀರ್ಮಾನಿಸುವುದು ಕಮಿಟಿ. ನೀವೂ ಅಲ್ಲ, ಗೈಡೂ ಅಲ್ಲ.

ಅಂಕಿ_ಮನುಷ್ಯ

ವಿರುದ್ಧ ಮಾತಾಡುತ್ತೇನೆ, ಬೈಯಬೇಡಿ. ಸರ್ಕಾರದ 'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆಗೇ ಬಂದು ಬಿಪಿ, ಶುಗರ್ ನೋಡಿ ಹೋಗುತ್ತಾರೆ. ಯಾವ ಕಮಿಟಿ, ಯಾವ ಫಾರ್ಮು? ಅದೇ ಬಿಪಿ ಮಷಿನ್ ವಿದ್ಯಾರ್ಥಿನಿ ಕೈಗೆ ಬಂದ ಕೂಡಲೇ ಇಷ್ಟೆಲ್ಲ ಯಾಕೆ? ಇನ್ನೊಂದು, ಬಾಗಿಲಲ್ಲಿ ನಿಂತು ನೀವು "ಬೇಡ ಅನ್ನಬಹುದು" ಅಂತ ಹತ್ತು ಸಲ ಹೇಳಿದರೆ ಜನ ಬೇಡ ಅಂದೇ ಬಿಡುತ್ತಾರೆ. ಸ್ಯಾಂಪಲ್ (ಸಮೀಕ್ಷೆಗೆ ಆರಿಸಿಕೊಂಡ ಮನೆಗಳು) ಹಾಳಾಗುತ್ತದೆ.

ಸಮುದಾಯ_ವೈದ್ಯ

ವ್ಯತ್ಯಾಸ ಇದೆ ಸರ್. ಗೃಹ ಆರೋಗ್ಯದಲ್ಲಿ ಬಿಪಿ ನೋಡುವುದು ಆ ಮನುಷ್ಯನಿಗೆ ಚಿಕಿತ್ಸೆ ಸಿಗಲಿ ಅಂತ. ಅದು ಸೇವೆ. ಇಲ್ಲಿ ಬಿಪಿ ನೋಡುವುದು ಡೆಸರ್ಟೇಶನ್‌ಗೆ. ಲಾಭ ಯಾರಿಗೆ ಅನ್ನುವುದು ಬದಲಾಯಿತು ನೋಡಿ. ಅಪಾಯ ಏನೆಂದರೆ ಹಳ್ಳಿಯವರಿಗೆ ಎರಡೂ ಒಂದೇ ಥರ ಕಾಣುತ್ತವೆ: ಅದೇ ಮಷಿನ್, ಅದೇ ಆಶಾ, ಅದೇ ಬಾಗಿಲು. ನಾನು ದವಾಖಾನೆಯಿಂದ ಬಂದವಳಲ್ಲ ಎಂದು ಈ ಹುಡುಗಿ ಬಾಯಿಬಿಟ್ಟು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಸರ್ವೇ_ಸವಾರ

ರಾಣೆಬೆನ್ನೂರಿನಿಂದ. ಬೇರೆ ಬೇರೆ ಏಜೆನ್ಸಿಗಳಿಗೆ ಫೀಲ್ಡ್ ಕೆಲಸ ಮಾಡಿಕೊಂಡು ಬಂದವನು ನಾನು. ಕಮಿಟಿ ವಿಷಯ ದೊಡ್ಡವರು ಹೇಳಿದರು. ಬಾಗಿಲಲ್ಲಿ ಏನಾಗುತ್ತದೆ ಅಂತ ನಾನು ಹೇಳುತ್ತೇನೆ.

ನಮಗೆ ದುಡ್ಡು ಫಾರ್ಮ್ ಲೆಕ್ಕದಲ್ಲಿ. ಫಾರ್ಮ್ ತುಂಬಿದರೆ ದುಡ್ಡು, ಮನೆಯವರು ಬೇಡ ಅಂದರೆ ಸೊನ್ನೆ. ಹೀಗಿದ್ದಾಗ ಒಪ್ಪಿಗೆ ಪತ್ರ ಯಾರು ಪೂರ್ತಿ ಓದುತ್ತಾರೆ? "ಅಮ್ಮಾರ, ಇಲ್ಲೊಂದ್ ಸಹಿ ಮಾಡ್ರಿ, ಆರೋಗ್ಯದ್ದು" ಅಷ್ಟೇ. ಟ್ಯಾಬ್‌ನಲ್ಲಿ ಒಪ್ಪಿಗೆಯ ಪುಟದಲ್ಲಿ 'ಹೌದು' ಒತ್ತಿ ಮುಂದೆ ಹೋಗುತ್ತಾರೆ, ಆ ಅಮ್ಮನಿಗೆ ಅಲ್ಲೊಂದು ಪ್ರಶ್ನೆ ಇತ್ತು ಅಂತಾನೇ ಗೊತ್ತಿರುವುದಿಲ್ಲ. ಟ್ಯಾಬ್ ಮನೆಯ ಲೊಕೇಶನ್ ತೆಗೆದುಕೊಳ್ಳುತ್ತದೆ, ಅದನ್ನೂ ಹೇಳುವುದಿಲ್ಲ. ಸಾಲದ್ದಕ್ಕೆ ಸೂಪರ್‌ವೈಸರ್‌ಗೆ ಪುರಾವೆ ಬೇಕು. ಬಿಪಿ ಪಟ್ಟಿ ಕಟ್ಟಿಕೊಂಡು ಕೂತ ಅಜ್ಜಿಯ ಫೋಟೋ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಆ ಗುಂಪಿನಲ್ಲಿ ಯಾರ್ಯಾರಿದ್ದಾರೆ ಅಂತ ದೇವರಿಗೇ ಗೊತ್ತು.

ಅಂಕಿ ಸರ್, ನಿಮಗೊಂದು ಮಾತು. ಸ್ಯಾಂಪಲ್ ಹಾಳಾಗುವುದು ಬೇಡ ಅಂದವರಿಂದ ಅಲ್ಲ. ಬೇಡ ಅಂದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಿ ಅದೇ ನಂಬರ್ ಹಾಕುತ್ತಾರಲ್ಲ, ಅದರಿಂದ. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಕಾಣುವುದಿಲ್ಲ.

ಅಂಕಿ_ಮನುಷ್ಯ

ಇದು ನಿಜ. ಬೇಡ ಅಂದಿದ್ದನ್ನು ಬೇಡ ಅಂತಲೇ ಬರೆದರೆ ನಾವು ಲೆಕ್ಕದಲ್ಲಿ ಸರಿ ಮಾಡಿಕೊಳ್ಳಬಹುದು. ಪಕ್ಕದ ಮನೆ ತುರುಕಿದರೆ ಏನೂ ಮಾಡಲಾಗದು. ಸ್ಯಾಂಪಲ್ ಮಾತು ಹಿಂದಕ್ಕೆ ತಗೊಂಡೆ. ಗೃಹ ಆರೋಗ್ಯದ್ದು ಇನ್ನೂ ಪೂರ್ತಿ ಒಪ್ಪಿಲ್ಲ.

ಕೋರ್ಟ್_ಕಟ್ಟೆ

ಹುಬ್ಬಳ್ಳಿ ವಕೀಲ. ಜನರ ಮನಸ್ಸಿನಲ್ಲಿ ಸಮೀಕ್ಷೆ ಅಂದರೆ ಎಲ್ಲಾ ಒಂದೇ, ಅದನ್ನು ಬಿಡಿಸಿ ಹೇಳಬೇಕು. ಜನಗಣತಿಗೆ 1948ರ ಕಾಯ್ದೆ ಇದೆ, ಅಲ್ಲಿ ಉತ್ತರ ಕೊಡುವುದು ಕಾನೂನಿನ ಕರ್ತವ್ಯ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಹೈಕೋರ್ಟ್ ತಡೆ ಕೊಡಲಿಲ್ಲ. ಆದರೆ ಮಾಹಿತಿ ಕೊಡುವುದು ಜನರ ಇಷ್ಟಕ್ಕೆ ಬಿಟ್ಟಿದ್ದು, ಅದನ್ನು ಅವರಿಗೆ ತಿಳಿಸಬೇಕು ಎಂದು ಮಧ್ಯಂತರ ಆದೇಶ ಮಾಡಿತು. ಸರ್ಕಾರದ ಸಮೀಕ್ಷೆಗೇ ಹೀಗಿರುವಾಗ ಒಬ್ಬ ವಿದ್ಯಾರ್ಥಿನಿಯ ಡೆಸರ್ಟೇಶನ್‌ಗೆ ಯಾರೂ ಬಾಯಿ ಬಿಡಬೇಕಾಗಿಲ್ಲ.

ಪಂಚಾಯಿತಿ ಪತ್ರದ ಬಗ್ಗೆ: ಅದು ಊರೊಳಗೆ ಕಾಲಿಡಲು ಸಿಕ್ಕ ಅನುಮತಿ ಮಾತ್ರ. ಅಧ್ಯಕ್ಷರ ಸಹಿ ಯಾವ ಹೆಣ್ಣುಮಗಳ ಸಹಿಯೂ ಅಲ್ಲ. ಗಂಡನ ಸಹಿಯೂ ಅಲ್ಲ. ಬೇರೆಯವರು ಸಹಿ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ದೇಶದಲ್ಲಿ ದೊಡ್ಡ ಉದಾಹರಣೆಯೇ ಇದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. ಹುಡುಗಿಯರ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಮಾಡಿದ್ದು ಹೊರಬಂತು. 2010ರಲ್ಲಿ ಅದನ್ನು ನಿಲ್ಲಿಸಿದರು. 2013ರಲ್ಲಿ ಸಂಸದೀಯ ಸಮಿತಿ ತನ್ನ ವರದಿಯಲ್ಲಿ ಚೆನ್ನಾಗಿಯೇ ಜಾಡಿಸಿತು.

ಇನ್ನೊಂದು ಎಚ್ಚರಿಕೆ. ನಿಮ್ಮದು 30 ದಾಟಿದವರ ಅಧ್ಯಯನ, ಸರಿ. ಆದರೆ ಮಾತಿನ ನಡುವೆ ಆ ಮನೆಯ 16ರ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವರದಿ ಮಾಡಲೇಬೇಕು. ಹಾಗಿದ್ದ ಮೇಲೆ "ನೀವು ಹೇಳಿದ್ದು ಯಾರಿಗೂ ಹೇಳುವುದಿಲ್ಲ" ಅಂತ ಒಪ್ಪಿಗೆ ಪತ್ರದಲ್ಲಿ ಬರೆದರೆ ಸುಳ್ಳು ಬರೆದ ಹಾಗೆ. ಆ ಮಿತಿಯನ್ನು ಮೊದಲೇ ಹೇಳಿ.

ಆಶಾ_ನರಗುಂದ

ನಾನು ಆಶಾ ಕಾರ್ಯಕರ್ತೆ. ಎಲ್ಲರೂ "ಆಶಾ ಜೊತೆಗಿದ್ದರೆ ಬಾಗಿಲು ತೆಗೀತಾರೆ" ಅನ್ನುತ್ತೀರಿ. ಹೌದು, ತೆಗೆಯುತ್ತಾರೆ. ಯಾಕೆ ತೆಗೆಯುತ್ತಾರೆ ಅಂತ ಯೋಚಿಸಿದ್ದೀರಾ? ಬಸಿರಿದ್ದಾಗ ತಾಯಿ ಕಾರ್ಡ್ ಮಾಡಿಸಿದ್ದು ನಾವು, ಮಗುವಿಗೆ ಲಸಿಕೆ ಹಾಕಿಸಿದ್ದು ನಾವು, ರಾತ್ರಿ 108 ಗಾಡಿಗೆ ಫೋನ್ ಮಾಡಿದ್ದು ನಾವು. ನನ್ನ ಎದುರಿಗೆ ಯಾರು ಒಲ್ಲೆ ಅನ್ನುತ್ತಾರೆ? ನಾಳೆ ನನ್ನಿಂದ ಏನಾದರೂ ಕೆಲಸ ಬೀಳುತ್ತದೆ ಅಂತ ಅವರಿಗೆ ಗೊತ್ತು. ಅದನ್ನು ನೀವು ಒಪ್ಪಿಗೆ ಅಂತ ಬರೆದುಕೊಳ್ಳುತ್ತೀರಿ.

ಹಿಂದೆ ಒಂದು ತಂಡ ಬಂದಿತ್ತು, ಹೆಸರು ಬೇಡ. ನನ್ನನ್ನು ಮನೆ ಮನೆ ತಿರುಗಿಸಿದರು. ಆಧಾರ್ ನಂಬರ್ ಬರೆದುಕೊಂಡರು. ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಯಾರದೋ ರೇಷನ್ ಕಾರ್ಡ್ ಬಿಪಿಎಲ್‌ನಿಂದ ಎಪಿಎಲ್‌ಗೆ ಹೋಯಿತು. ಅದಕ್ಕೂ ಆ ಸಮೀಕ್ಷೆಗೂ ಸಂಬಂಧ ಇರಲಿಕ್ಕಿಲ್ಲ. ಆದರೆ ಓಣಿಯವರು ಬಂದು ಕೇಳಿದ್ದು ನನ್ನನ್ನು: "ಯವ್ವಾ, ಅವತ್ತು ನೀನೇ ಕರ್ಕೊಂಡ್ ಬಂದಿದ್ದಿಲ್ಲ?"

ಬರಬೇಡಿ ಅನ್ನುತ್ತಿಲ್ಲ. ನನ್ನಿಂದ ಓಣಿ ತೋರಿಸಿಕೊಳ್ಳಿ, ಪರಿಚಯ ಮಾಡಿಕೊಳ್ಳಿ. ಆಮೇಲೆ ನಾನು ಹೋಗುತ್ತೇನೆ. ಒಪ್ಪಿಗೆ ಕೇಳುವಾಗ ನಾನು ಅಲ್ಲಿರಬಾರದು.

ಮೂಲೆಮನಿ_ಮಾಸ್ತರ

ಈ ತಾಯಿ ಹೇಳಿದ್ದನ್ನು ನೀವು ಬರೆದಿಟ್ಟುಕೊಳ್ಳಬೇಕು. ನಾನು ನಿವೃತ್ತ ಶಿಕ್ಷಕ, ಗದಗ ಜಿಲ್ಲೆಯವನು. ಒಂದು ಎಥಿಕ್ಸ್ ಕಮಿಟಿಯಲ್ಲಿ ಸಾಮಾನ್ಯ ನಾಗರಿಕನ ಕುರ್ಚಿ ನನ್ನದು. ಕಮಿಟಿ ಅಂದರೆ ಬರೀ ಡಾಕ್ಟರುಗಳು ಅಂತ ತಿಳಿಯಬೇಡಿ. 7ರಿಂದ 15 ಜನ ಇರುತ್ತಾರೆ. ವಕೀಲರು, ಸಮಾಜ ವಿಜ್ಞಾನದವರು, ನನ್ನಂಥವರು. ಅಧ್ಯಕ್ಷರು ಹೊರಗಿನವರೇ ಆಗಿರಬೇಕು, ಅರ್ಧದಷ್ಟು ಸದಸ್ಯರೂ ಹೊರಗಿನವರು. ಐದು ಜನ ಕೂರದಿದ್ದರೆ ಸಭೆ ನಡೆಯುವುದಿಲ್ಲ.

ನನ್ನ ಕೆಲಸ ಏನು ಗೊತ್ತಾ? ಕನ್ನಡದ ಮಾಹಿತಿ ಪತ್ರ ಓದಿ, ನಮ್ಮ ಮನೆಯಾಕೆಗೆ ಇದು ತಿಳಿಯುತ್ತದಾ ಅಂತ ನೋಡುವುದು. ತಂಗೀ, ನಿಮ್ಮ ಸೀನಿಯರ್ ಪತ್ರದ ನಾಲ್ಕು ಪುಟ ಹೇಗಿರುತ್ತದೆ ಅಂತ ನಾನು ನೋಡದೆಯೇ ಹೇಳಬಲ್ಲೆ. ಬಾಂಡ್ ಪೇಪರ್ ಬರಹದಂತೆ ಇರುತ್ತದೆ. ಅದನ್ನು ಬಿಡಿ. ಮೊದಲು ನೀವು ಅಲ್ಲಿ ಏನು ಮಾಡುತ್ತೀರಿ ಅಂತ ಹೇಳಿ: ಎಷ್ಟು ಹೊತ್ತು, ಏನೇನು ಕೇಳುತ್ತೀರಿ, ಏನು ತೊಂದರೆ ಆಗಬಹುದು, ಅವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ದೂರು ಇದ್ದರೆ ಯಾರಿಗೆ ಫೋನ್ ಮಾಡಬೇಕು. ಒಂದೂವರೆ ಪುಟದಲ್ಲಿ ಆಗುತ್ತದೆ. ಓದಿದ ಮೇಲೆ ಒಂದು ಪ್ರಶ್ನೆ ಅವರಿಗೇ ಕೇಳಿ: "ಒಲ್ಲೆ ಅಂದರೆ ಏನಾಗುತ್ತದೆ ಅಂತ ನಿಮಗೆ ತಿಳಿಯಿತು?" ಉತ್ತರದಲ್ಲಿ "ಗೃಹಲಕ್ಷ್ಮಿ ನಿಲ್ತದೇನೋ" ಅಂತ ಬಂದರೆ ಮತ್ತೆ ಮೊದಲಿನಿಂದ ಹೇಳಿ.

ಧಾರವಾಡ_ಎಂಎಸ್‌ಡಬ್ಲ್ಯು

ಮಾಸ್ತರೇ, ಓದಲು ಬಾರದವರ ಹತ್ತಿರ ಹೆಬ್ಬೆಟ್ಟು ಒತ್ತಿಸಿದರೆ ಸಾಕಾ? ಹೊಡೆತದ ಪ್ರಶ್ನೆಗಳನ್ನು ತೆಗೆದೇ ಬಿಡಲಾ?

ಮೂಲೆಮನಿ_ಮಾಸ್ತರ

ಹೆಬ್ಬೆಟ್ಟಿನ ಜೊತೆ ಸಾಕ್ಷಿ ಬೇಕು. ಆ ಸಾಕ್ಷಿ ಓದು ಬಲ್ಲವರಾಗಿರಬೇಕು, ನಿಮ್ಮ ತಂಡದವರಾಗಿರಬಾರದು, ಮೊದಲಿನಿಂದ ಕೊನೆವರೆಗೆ ಕೂತು ಕೇಳಿರಬೇಕು. ಸಂಜೆ ಬಂದು ಎಲ್ಲಾ ಹಾಳೆಗೆ ಒಟ್ಟಿಗೆ ಸಹಿ ಹಾಕುವ ಸಾಕ್ಷಿಯನ್ನು ನಾನು ಕಂಡಿದ್ದೇನೆ. ನಮ್ಮ ಸಭೆಯಲ್ಲಿ ಅದು ನಡೆಯುವುದಿಲ್ಲ.

ಕುಂದಗೋಳ_ಸೊಸೆ

ನಾನು ಡಾಕ್ಟರೂ ಅಲ್ಲ, ಓದುವವಳೂ ಅಲ್ಲ. ಸಮೀಕ್ಷೆಗೆ ಉತ್ತರ ಕೊಟ್ಟವಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮತ್ತೆಯನ್ನು ಕೇಳಿದರು. ಅವರು "ಕೇಳ್ರಿ, ಹೇಳ್ತಾಳ" ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ಪಡಸಾಲೆಯಲ್ಲಿ ಕೂರಿಸಿದರು. ಅತ್ತೆ ಒಂದು ಕಡೆ ಕಾಳು ಆರಿಸುತ್ತಾ ಕೂತರು, ಬಾಗಿಲಲ್ಲಿ ಮೈದುನ. ಮುಟ್ಟಿನ ಪ್ರಶ್ನೆ, ಗರ್ಭ ಇಳಿದ ಪ್ರಶ್ನೆ, ಆಮೇಲೆ "ಯಜಮಾನರು ಕೈ ಮಾಡ್ತಾರೇನ್ರಿ?" ನಾನು ಏನು ಹೇಳಲಿ? ಇಲ್ಲ ಅಂದೆ. ಎಲ್ಲದಕ್ಕೂ ಇಲ್ಲ ಅಂದೆ. ಆ ಹುಡುಗಿ ಇಲ್ಲ ಅಂತ ಬರೆದುಕೊಂಡು ಹೋದಳು. ಅವಳ ಪುಸ್ತಕದಲ್ಲಿ ನಮ್ಮೂರು ಬಹಳ ಸುಖದ ಊರು ಆಗಿರಬೇಕು.

ಅವರು ಹೋದ ಮೇಲೆ ರಾತ್ರಿ "ಅಂಥಾ ಪ್ರಶ್ನಿ ಯಾಕ ಕೇಳಿದ್ರು, ನೀ ಮೊದ್ಲ ಏನರ ಹೇಳಿದ್ದೇನು" ಅಂತ ವಿಚಾರಣೆ ನಡೆಯಿತು.

ಸಮುದಾಯ_ವೈದ್ಯ

ಅಕ್ಕಾ, ಇದನ್ನು ಬರೆದಿದ್ದಕ್ಕೆ ಧನ್ಯವಾದ. ಇದರ ಮುಂದೆ ನಮ್ಮ ಮಾರ್ಗಸೂಚಿ ಎಲ್ಲ ಸಪ್ಪೆ.

ವಿದ್ಯಾರ್ಥಿನಿಗೆ: ಆ ಪ್ರಶ್ನೆ ತೆಗೆಯಬೇಕೋ ಇಡಬೇಕೋ ಎನ್ನುವುದು ನಿಮ್ಮ ತಯಾರಿಯ ಮೇಲೆ ನಿಂತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಪ್ರಶ್ನೆಗಳಿವೆ. ಆದರೆ ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಮಾತ್ರ ಕೇಳುತ್ತಾರೆ. ಏಕಾಂತ ಸಿಗದಿದ್ದರೆ ಆ ಭಾಗವನ್ನು ಬಿಟ್ಟೇ ಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಸೂಚನೆಗಳೂ ಇದನ್ನೇ ಹೇಳುತ್ತವೆ. ಮನೆಯವರಿಗೆ, ಊರಿಗೆ ಸಮೀಕ್ಷೆಯ ಹೆಸರು 'ಹೆಣ್ಣುಮಕ್ಕಳ ಆರೋಗ್ಯ' ಎಂದಿರಲಿ. ಒಳಗೆ ಆಕೆಯೊಬ್ಬಳೇ ಇದ್ದಾಗ ಪೂರ್ತಿ ವಿಷಯ ಹೇಳಿ ಎರಡನೇ ಸಲ ಒಪ್ಪಿಗೆ ಕೇಳಿ. ಯಾರಾದರೂ ಒಳಗೆ ಬಂದರೆ ಊಟ, ನೀರಿನ ಪ್ರಶ್ನೆಗೆ ಹೊರಳಿಕೊಳ್ಳಲು ಒಂದು ಹಾಳೆ ಸಿದ್ಧವಿರಲಿ. ಅಳುತ್ತಾ ಹೇಳಿಕೊಂಡರೆ ಎಲ್ಲಿಗೆ ಕಳಿಸುತ್ತೀರಿ? ಮಹಿಳಾ ಸಹಾಯವಾಣಿ 181, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ನೆರವು ಕೊಡುವ ಸಖಿ ಕೇಂದ್ರ, ಇವರ ಜೊತೆ ಮೊದಲೇ ಮಾತಾಡಿಕೊಂಡಿರಬೇಕು. ಆ ನಂಬರ್ ಇರುವ ಚೀಟಿಯಲ್ಲಿ ಬೇರೆ ಆರೋಗ್ಯದ ನಂಬರ್‌ಗಳೂ ಇರಲಿ, ಯಾರ ಕಣ್ಣಿಗೂ ಬೀಳದ ಹಾಗೆ.

ಮಾಸ್ತರೇ, ನಿಮ್ಮ ಸಾಕ್ಷಿಯ ಮಾತು ಇಲ್ಲಿ ತೊಡಕಾಗುತ್ತದೆ. ಸಾಕ್ಷಿ ಕೂತರೆ ಏಕಾಂತ ಹೋಯಿತು. ಬರಹದ ಪತ್ರವೇ ಅಪಾಯ ತರುವಾಗ ಬಾಯಿಮಾತಿನ ಒಪ್ಪಿಗೆ ಸಾಕು ಎಂದು ಕಮಿಟಿ ಅನುಮತಿ ಕೊಡಬಹುದು. ಈ ವಿದ್ಯಾರ್ಥಿನಿಯ ಎಲ್ಲಾ ಕಾಗದಗಳಲ್ಲಿ ಉತ್ತರ ಕೊಟ್ಟವರ ಹೆಸರು ಇರುವುದು ಆ ಸಹಿ ಹಾಳೆ ಒಂದರಲ್ಲೇ ಅನ್ನುವುದನ್ನು ಮರೆಯಬೇಡಿ.

ಮೂಲೆಮನಿ_ಮಾಸ್ತರ

ಒಪ್ಪಿದೆ. ಆದರೆ ಅರ್ಜಿಯಲ್ಲಿ ಕಾರಣ ಬರೆದು ಕೇಳಬೇಕು. ತಾನಾಗಿ ಬಿಟ್ಟುಬಿಡುವಂತಿಲ್ಲ. ಬಿಪಿ ಭಾಗಕ್ಕೆ ಸಾಕ್ಷಿ ಇರಲಿ, ಒಳಗಿನ ಭಾಗಕ್ಕೆ ಬಾಯಿಮಾತು.

ಸರ್ವೇ_ಸವಾರ

ಒಂದು ಸಣ್ಣದು. ಹೆಸರು ತೆಗೆದರೆ ಗುಟ್ಟು ಉಳಿಯಿತು ಅಂದುಕೊಳ್ಳಬೇಡಿ. ಊರು, ಓಣಿ, ಜಾತಿ, ವಯಸ್ಸು 42, ಗಂಡ ತೀರಿಕೊಂಡಿದ್ದಾನೆ, ಹೊಲಿಗೆ ಮಷಿನ್ ಇದೆ. ಇಷ್ಟು ಬರೆದರೆ ಆ ಊರಿನ ಚಹಾ ಅಂಗಡಿಯವನೂ ಯಾರು ಅಂತ ಹೇಳುತ್ತಾನೆ.

ಕೋರ್ಟ್_ಕಟ್ಟೆ

ಸರಿಯಾದ ಮಾತು. ಊರಿನ ಹೆಸರು ವರದಿಯಲ್ಲಿ ಹಾಕಬೇಡಿ. ಆಧಾರ್ ಅಂತೂ ಕೇಳಲೇಬೇಡಿ, ನಿಮಗೆ ಅದರಿಂದ ಏನಾಗಬೇಕಿದೆ? 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ ಅಂತ ಕೆಲವರು ಹಾರಾಡುತ್ತಾರೆ. ಆ ವಿನಾಯಿತಿಗೆ ಷರತ್ತುಗಳಿವೆ. ಅದು ಎಥಿಕ್ಸ್ ಕಮಿಟಿಯಿಂದ ವಿನಾಯಿತಿ ಅಂತೂ ಅಲ್ಲ.

ಅಂಕಿ_ಮನುಷ್ಯ

ಇನ್ನೊಂದು ಕೇಳಬೇಕಿತ್ತು. ಬಿಪಿ ನೋಡಿದ ಮೇಲೆ ಅಳತೆ ಅವರಿಗೆ ಹೇಳಬೇಕಾ? ಹೇಳಿದರೆ ಆಮೇಲಿನ ಉತ್ತರಗಳು ಬದಲಾಗುತ್ತವೆ ಎಂಬ ಕಾರಣಕ್ಕೆ ಕೆಲವರು ಅಳತೆ ಹೇಳುವುದಿಲ್ಲ.

ಸಮುದಾಯ_ವೈದ್ಯ

ಹಾಗಿದ್ದರೆ ಬಿಪಿಯನ್ನು ಕೊನೆಗೆ ನೋಡಿ, ಮುಗೀತು. ಹೇಳದೆ ಹೋಗುವ ಮಾತೇ ಇಲ್ಲ. ಸಂಖ್ಯೆ ಬರೆದ ಚೀಟಿ ಅವರ ಕೈಗೆ ಕೊಡಬೇಕು. 140/90 ದಾಟಿದ್ದರೆ ಪಿಎಚ್‌ಸಿಗೆ ಹೋಗಿ ಮತ್ತೆ ತೋರಿಸಲು ಹೇಳಬೇಕು, ಅಲ್ಲಿ ಬಿಪಿ ಮಾತ್ರೆ ಉಚಿತ. 180/110 ದಾಟಿದ್ದರೆ ಅವತ್ತೇ ವೈದ್ಯರು ನೋಡಬೇಕು, ಅದಕ್ಕೆ ಯಾರಿಗೆ ಫೋನ್ ಮಾಡುತ್ತೀರಿ ಅಂತ ಅರ್ಜಿಯಲ್ಲಿ ಬರೆದಿರಬೇಕು. ಒಬ್ಬರ ಬಿಪಿ 200 ಇದೆ ಅಂತ ಟ್ಯಾಬ್‌ನಲ್ಲಿ ಹಾಕಿಕೊಂಡು ಮುಂದಿನ ಮನೆಗೆ ನಡೆಯುವ ಸಂಶೋಧನೆ ನನಗಂತೂ ಬೇಡ.

ಧಾರವಾಡ_ಎಂಎಸ್‌ಡಬ್ಲ್ಯು

ಎಲ್ಲಾ ಓದಿ ಗೈಡ್ ಹತ್ತಿರ ಮಾತಾಡಿದೆ. ಒಂದು ವೈದ್ಯಕೀಯ ಕಾಲೇಜಿನ ಕಮಿಟಿಗೆ ಪತ್ರ ಬರೆಯಲು ಒಪ್ಪಿದ್ದಾರೆ, ಸ್ವಲ್ಪ ಗೊಣಗಿದರು. ಬಾಗಿಲಲ್ಲಿ ಹೇಳಲು ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ನಮಸ್ಕಾರ್ರೀ ಅಕ್ಕಾರ. ನಾ ಧಾರವಾಡದಾಗ ಓದಾಕತ್ತೇನಿ. ಸರ್ಕಾರದಿಂದ ಬಂದಿಲ್ಲ, ದವಾಖಾನಿಂದನೂ ಬಂದಿಲ್ಲ. ಹೆಣ್ಮಕ್ಕಳ ಆರೋಗ್ಯದ ಮ್ಯಾಲೆ ಅಭ್ಯಾಸ ಮಾಡಾಕತ್ತೇನಿ. ನೀವು ಹೂಂ ಅಂದ್ರ ಅರ್ಧಾ ತಾಸು ಮಾತಾಡ್ತೇನಿ, ಕೊನಿಗೆ ಬಿಪಿ ನೋಡಿ ಎಷ್ಟೈತಿ ಅಂತ ಬರದು ಕೊಡ್ತೇನಿ. ಔಷಧ ಕೊಡಾಂಗಿಲ್ಲ, ರೊಕ್ಕಾನೂ ಇಲ್ಲ. ಯಾವ ಪ್ರಶ್ನಿ ಬ್ಯಾಡ ಅನಸ್ತೈತಿ ಬಿಟ್ಟು ಬಿಡ್ರಿ. ನಡುವ ಸಾಕು ಅಂದ್ರ ಎದ್ದು ಹೊಕ್ಕೇನಿ. ಒಲ್ಲೆ ಅಂದ್ರ ರೇಷನ್ ಕಾರ್ಡಿಗಾಗ್ಲಿ, ಗೃಹಲಕ್ಷ್ಮಿಗಾಗ್ಲಿ, ದವಾಖಾನಿಗಾಗ್ಲಿ ಏನೂ ಆಗಾಂಗಿಲ್ಲ. ಆಧಾರ್, ಒಟಿಪಿ, ಫೋಟೋ ಏನೂ ಕೇಳಾಂಗಿಲ್ಲ."

ಮನೆ ವಿಷಯದ ಪ್ರಶ್ನೆ, ಪೋಕ್ಸೊ ಮಾತು, ಎರಡನೇ ಒಪ್ಪಿಗೆ, ಇವನ್ನೆಲ್ಲ ಒಳಗೆ ಆಕೆಯೊಬ್ಬಳೇ ಇದ್ದಾಗ ಹೇಳುತ್ತೇನೆ. ಲೊಕೇಶನ್ ಆಫ್ ಮಾಡಿ ಇಡುತ್ತೇನೆ.

ಕುಂದಗೋಳ_ಸೊಸೆ

"ವಿಚಾರ ಮಾಡಿ ನಾಳೆ ಹೇಳ್ರಿ, ನಾ ಮತ್ತ ಬರ್ತೇನಿ" ಅಂತಲೂ ಸೇರಿಸು ತಂಗಿ. ನಿಂತ ಕಾಲಲ್ಲಿ ಒಲ್ಲೆ ಅನ್ನಲು ನಮಗೆ ಆಗುವುದಿಲ್ಲ. ನೀನು ನಾಳೆ ಬಂದಾಗ ನಾನು ಮನೆಯಲ್ಲಿ ಇಲ್ಲದಿದ್ದರೆ ಅದೇ ಉತ್ತರ ಅಂತ ತಿಳಿದುಕೋ.

ಆಶಾ_ನರಗುಂದ

ಮಾತು ಚೆನ್ನಾಗಿದೆ. ಆದರೆ ಅರ್ಧ ತಾಸು ಅಂತ ಬರೆದಿದ್ದೀಯಲ್ಲ, ನಿನ್ನ ಪ್ರಶ್ನೆ ಎಷ್ಟಿವೆ? ಎರಡು ಸಲ ಒಪ್ಪಿಗೆ, ಬಿಪಿ, ಚೀಟಿ ಎಲ್ಲ ಸೇರಿದರೆ ತಾಸಿನ ಮೇಲೆ ಹೋಗುತ್ತದೆ. ಗುರುವಾರ ಬರಬೇಡ, ಲಸಿಕೆ ದಿನ, ಆಶಾದವರು ಯಾರೂ ಸಿಗುವುದಿಲ್ಲ. ಕಳೆ ತೆಗೆಯುವ ಹೊತ್ತಿನಲ್ಲಿ ಬಂದರೆ ಮನೆಯಲ್ಲಿ ವಯಸ್ಸಾದವರೇ ಇರುತ್ತಾರೆ.

ಧಾರವಾಡ_ಎಂಎಸ್‌ಡಬ್ಲ್ಯು

ಅಕ್ಕಾ, ನಿಜ. ಪ್ರಶ್ನೆಗಳನ್ನು ಅರ್ಧಕ್ಕೆ ಇಳಿಸುತ್ತೇನೆ. ಒಮ್ಮೆ ಫೀಲ್ಡಿಗೆ ಹೋಗಿ ನೋಡಿ, ಆಮೇಲೆ ಯಾವುದು ಬೇಡವೋ ಅದನ್ನು ತೆಗೆಯಲಾ?

ಸಮುದಾಯ_ವೈದ್ಯ

ಈಗಲೇ ತೆಗೆಯಿರಿ. ಕಮಿಟಿ ಒಪ್ಪಿದ ಮೇಲೆ ಒಂದು ಪ್ರಶ್ನೆ ಬದಲಿಸಿದರೂ ತಿದ್ದುಪಡಿಗೆ ಮತ್ತೆ ಅರ್ಜಿ ಹಾಕಬೇಕು. ನಿಮ್ಮ ಗೆಳತಿಯರನ್ನು ಕೂರಿಸಿಕೊಂಡು ಗಡಿಯಾರ ಇಟ್ಟು ಒಮ್ಮೆ ಓದಿ ನೋಡಿ, ಅದರ ಉತ್ತರ ಡೇಟಾದಲ್ಲಿ ಸೇರಿಸಬೇಡಿ. ಬಂದ ಹೊತ್ತನ್ನೇ ಪತ್ರದಲ್ಲಿ ಬರೆಯಿರಿ.